ಡಿಫಾಗರ್ ಗೆರೆ ಕಡಿದಿದೆ: ಬಣ್ಣ ಹಚ್ಚೋದಾ, ಸೋಲ್ಡರ್ ಹಾಕಿಸೋದಾ, ಗ್ಲಾಸೇ ಬದಲಿಸೋದಾ?

ಮಳೆಗಾಲ ಶುರುವಾದರೆ ಈ ಪ್ರಶ್ನೆಯೂ ಶುರುವಾಗುತ್ತದೆ. ಕಾರಿನ ಹಿಂದಿನ ಗ್ಲಾಸನ್ನು ಬಿಸಿ ಮಾಡಿ ಹಬೆ ಕಳೆಯುವ ಡಿಫಾಗರ್ ಸ್ವಿಚ್ ಒತ್ತಿದರೆ ಅರ್ಧ ಗ್ಲಾಸಿನ ಹಬೆ ಹೋಗುತ್ತದೆ, ಇನ್ನರ್ಧ ಹಾಗೇ ಉಳಿಯುತ್ತದೆ. ಗ್ಯಾರೇಜಿನವರು "ಗ್ಲಾಸೇ ಚೇಂಜ್ ಮಾಡ್ಬೇಕು ಸಾರ್" ಅನ್ನುತ್ತಾರೆ. ಆನ್‌ಲೈನ್‌ನಲ್ಲಿ ಕಡಿದ ಗೆರೆಗೆ ಹಚ್ಚಲು ಬೆರಳುದ್ದದ ಸೀಸೆಯಲ್ಲಿ ಬೆಳ್ಳಿ ಬೆರೆಸಿದ ಬಣ್ಣ ಸಿಗುತ್ತದೆ. ಪರಿಚಯದ ಎಲೆಕ್ಟ್ರಿಷಿಯನ್ "ಒಂದು ಸೋಲ್ಡರ್ ಹಾಕಿದ್ರೆ ಮುಗೀತು" ಅನ್ನುತ್ತಾರೆ. ಮೂರು ಜನ, ಮೂರು ದಾರಿ. ಯಾರ ಮಾತು ಕೇಳೋದು?

ಮೂರೂ ಮಾತು ಒಂದೊಂದು ಸಂದರ್ಭಕ್ಕೆ ಸರಿಯೇ. ನಿಮ್ಮ ಗ್ಲಾಸಿನಲ್ಲಿ ಕರೆಂಟ್ ಎಲ್ಲಿ ನಿಂತಿದೆ ಅನ್ನುವುದು ಗೊತ್ತಾಗದೆ ಯಾವುದನ್ನೂ ಆರಿಸಲು ಬರುವುದಿಲ್ಲ. ಯಾವ ಕಂಪನಿಯ ಬಣ್ಣ ಚೆನ್ನಾಗಿದೆ ಎಂಬುದು ಆಮೇಲಿನ ಮಾತು.

ಗೆರೆಗಳು ಕೆಲಸ ಮಾಡುವ ರೀತಿ

ಡಿಫಾಗರ್‌ನ ಕಂದು ಗೆರೆಗಳು ಗ್ಲಾಸಿನ ಒಳಮೈಯಲ್ಲಿ ಇರುತ್ತವೆ. ಬೆಳ್ಳಿ ಪುಡಿ ಬೆರೆಸಿದ ಪೇಸ್ಟನ್ನು ಗಾಜಿನ ಮೇಲೆ ಅಚ್ಚು ಹಾಕಿ, 600 ಡಿಗ್ರಿಗೂ ಹೆಚ್ಚಿನ ಬಿಸಿಯಲ್ಲಿ ಸುಟ್ಟು ಕೂರಿಸುತ್ತಾರೆ. ಎಡಕ್ಕೊಂದು ಬಲಕ್ಕೊಂದು ಅಗಲವಾದ ಪಟ್ಟಿ ಇರುತ್ತದೆ. ಅವೆರಡರ ನಡುವೆ ತೆಳು ಗೆರೆಗಳು. ಏಣಿಯ ಥರ ಅಂದುಕೊಳ್ಳಿ. ಒಂದು ಪಟ್ಟಿಗೆ ಬ್ಯಾಟರಿಯ ಪ್ಲಸ್, ಇನ್ನೊಂದಕ್ಕೆ ಅರ್ತಿಂಗ್, ಅಂದರೆ ಮೈನಸ್. ಪ್ರತಿ ಗೆರೆಯೂ ಸ್ವತಂತ್ರ. ಒಂದು ಕಡಿದರೆ ಅದೊಂದೇ ತಣ್ಣಗಾಗುತ್ತದೆ, ಉಳಿದವು ಬಿಸಿಯಾಗುತ್ತಲೇ ಇರುತ್ತವೆ.

ಒಂದು ಸಣ್ಣ ಲೆಕ್ಕ ಹಾಕೋಣ, ಮುಂದೆ ಇದೇ ಉಪಯೋಗಕ್ಕೆ ಬರುತ್ತದೆ. 12 ಗೆರೆ ಇವೆ, ಎಲ್ಲ ಸೇರಿ 12 ಆಂಪಿಯರ್ ಕರೆಂಟ್ ಎಳೆಯುತ್ತವೆ ಎಂದುಕೊಳ್ಳಿ. ಆಗ ಒಂದೊಂದು ಗೆರೆಯಲ್ಲಿ 1 ಆಂಪಿಯರ್ ಹರಿಯುತ್ತದೆ. 12 ವೋಲ್ಟಿಗೆ ಗೆರೆಯ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) 12 ಓಮ್. ಗೆರೆ ಒಂದು ಮೀಟರ್ ಉದ್ದ ಇದ್ದರೆ ಒಂದು ಸೆಂಟಿಮೀಟರಿಗೆ 0.12 ಓಮ್ ಆಯಿತು. ಹಾಕುವ ತೇಪೆಯೂ ಹೆಚ್ಚುಕಡಿಮೆ ಇಷ್ಟೇ ಇರಬೇಕು. ತೇಪೆ 2 ಓಮ್ ಇದ್ದರೆ, ಮೊದಲು 0.12 ವ್ಯಾಟ್ ಬಿಸಿಯಾಗುತ್ತಿದ್ದ ಜಾಗದಲ್ಲಿ ಈಗ ಒಂದೂವರೆ ವ್ಯಾಟ್ ಬಿಸಿ. ಅಂಥ ತೇಪೆ ಕೆಲವೇ ದಿನದಲ್ಲಿ ಸುಟ್ಟು ಮತ್ತೆ ಕಡಿಯುತ್ತದೆ. "ಬಣ್ಣ ಹಚ್ಚಿದೆ, ಒಂದು ವಾರ ಚೆನ್ನಾಗಿತ್ತು, ಮತ್ತೆ ಹೋಯ್ತು" ಎನ್ನುವವರ ಕಥೆಯ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ.

ಆರಿಸುವ ಮುಂಚೆ ನೋಡಬೇಕಾದದ್ದು

ಮೊದಲನೆಯದು, ಎಲ್ಲ ಗೆರೆಯೂ ಹೋಗಿದೆಯೋ ಕೆಲವಷ್ಟೇ ಹೋಗಿವೆಯೋ. ಇದು ಅರ್ಧ ಉತ್ತರ ಕೊಟ್ಟುಬಿಡುತ್ತದೆ. ಒಂದೇ ಒಂದು ಗೆರೆಯೂ ಬಿಸಿಯಾಗದಿದ್ದರೆ ಬಣ್ಣ ತರಿಸಬೇಡಿ. ಹನ್ನೆರಡು ಗೆರೆ ಒಂದೇ ದಿನ ಕಡಿಯುವುದಿಲ್ಲ, ಅಲ್ವಾ? ತಪ್ಪು ಬೇರೆಲ್ಲೋ ಇದೆ. ಫ್ಯೂಸ್ ಇರಬಹುದು, ರಿಲೇ ಇರಬಹುದು, ಪಟ್ಟಿಗೆ ವೈರ್ ಕೂಡುವ ಕ್ಲಿಪ್ ಕಳಚಿರಬಹುದು. ಹ್ಯಾಚ್‌ಬ್ಯಾಕ್ ಆದರೆ ನನ್ನ ಮೊದಲ ಅನುಮಾನ ಡಿಕ್ಕಿ ಬಾಗಿಲಿನ ಹಿಂಜ್ ಹತ್ತಿರದ ರಬ್ಬರ್ ಕೊಳವೆ ಮೇಲೆ. ಬಾಗಿಲು ತೆಗೆದು ಹಾಕಿ ಅದರೊಳಗಿನ ವೈರ್ ಮಡಿಸಿ ಮಡಿಸಿ ತುಂಡಾಗುತ್ತದೆ. ಡಿಫಾಗರ್ ಜೊತೆಗೆ ಹಿಂದಿನ ವೈಪರ್ರೋ ನಂಬರ್ ಪ್ಲೇಟ್ ಲೈಟೋ ಕೈಕೊಟ್ಟಿದ್ದರೆ ಬೇರೆಡೆ ಹುಡುಕುವುದೇ ಬೇಡ, ಆ ಕೊಳವೆ ಬಿಚ್ಚಿಸಿ. ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಕಡಿಮೆ ದುಡ್ಡಿನಲ್ಲಿ ಮುಗಿಯುವ ಕೆಲಸ ಇದು.

ಎರಡನೆಯದು, ಕಡಿದ ಜಾಗ ಎಷ್ಟು ಉದ್ದ ಮತ್ತು ಎಷ್ಟು ಕಡೆ. ಕೂದಲೆಳೆಯಷ್ಟು ಬಿರುಕು ಬೇರೆ, ಬ್ಲೇಡಿನಿಂದ ಸ್ಟಿಕರ್ ಕೆರೆದು ಗೇಣುದ್ದ ಎದ್ದು ಹೋಗಿರುವುದು ಬೇರೆ.

ಮೂರನೆಯದು, ಡಿಫಾಗರ್ ನಿಮಗೆ ನಿಜವಾಗಿ ಎಷ್ಟು ಬೇಕು. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆ ಕಡೆ ಇರುವವರಿಗೂ, ಬಳ್ಳಾರಿಯಲ್ಲಿ ಇರುವವರಿಗೂ ಒಂದೇ ಉತ್ತರ ಹೇಗಾಗುತ್ತದೆ? ಸೆಡಾನ್‌ಗೂ ಹ್ಯಾಚ್‌ಬ್ಯಾಕ್‌ಗೂ ವ್ಯತ್ಯಾಸ ಇದೆ. ಹ್ಯಾಚ್‌ಬ್ಯಾಕ್‌ನ ಮೇಲಿನ ವೇರಿಯಂಟುಗಳಲ್ಲಿ ಹಿಂದೆ ವೈಪರ್ ಇರುತ್ತದೆ, ಹೊರಗಿನ ನೀರನ್ನಾದರೂ ಒರೆಸುತ್ತದೆ. ಹೆಚ್ಚಿನ ಸೆಡಾನ್‌ಗಳಲ್ಲಿ ಅದೂ ಇಲ್ಲ. ಅಲ್ಲಿ ಡಿಫಾಗರ್ ಒಂದೇ ಆಸರೆ.

ಆಮೇಲೆ ದುಡ್ಡು, ಗಾಡಿಯ ವಯಸ್ಸು, ನಿಮ್ಮ ಕೈಚಳಕ. ಇವು ಬೇರೆ ಹೇಳಬೇಕಾಗಿಲ್ಲ.

ಕಡಿದ ಜಾಗ ಹುಡುಕುವುದು

ವೋಲ್ಟ್, ಓಮ್ ಅಳೆಯುವ ಮಲ್ಟಿಮೀಟರ್ ಇಲ್ಲದೆಯೂ ಅರ್ಧ ಕೆಲಸ ಆಗುತ್ತದೆ. ಗ್ಲಾಸಿಗೆ ಹಬೆ ಕೂತಿರುವ ಬೆಳಿಗ್ಗೆ ಸ್ವಿಚ್ ಹಾಕಿ, ಒಳಗೆ ಕೂತು ನೋಡಿ. ಯಾವ ಗೆರೆಯ ಸುತ್ತ ಹಬೆ ಕರಗುವುದಿಲ್ಲವೋ ಅದು ಕಡಿದ ಗೆರೆ. ಆದರೆ ಎಲ್ಲಿ ಕಡಿದಿದೆ ಎಂದು ಇದರಿಂದ ಗೊತ್ತಾಗುವುದಿಲ್ಲ. ಒಂದು ಕಡೆ ಕಡಿದರೂ ಇಡೀ ಗೆರೆ ತಣ್ಣಗಿರುತ್ತದೆ. (ಕೆಲವು ಕಾರುಗಳಲ್ಲಿ ಗ್ಲಾಸಿನ ನಡುವೆ ಮೇಲಿಂದ ಕೆಳಕ್ಕೆ ಒಂದು ಗೆರೆ ಇರುತ್ತದೆ. ಅಂಥದ್ದರಲ್ಲಿ ಅರ್ಧ ಗೆರೆ ಬಿಸಿ, ಅರ್ಧ ತಣ್ಣಗೆ ಇರಬಹುದು. ಕಡಿದಿರುವುದು ತಣ್ಣಗಿನ ಅರ್ಧದಲ್ಲಿ.)

ಜಾಗ ಹಿಡಿಯಲು ಮಲ್ಟಿಮೀಟರ್ ಬೇಕು. ಬೆಂಗಳೂರಿನವರಿಗೆ ಎಸ್‌ಪಿ ರೋಡ್ ಇದೆ. ಬೇರೆ ಊರಲ್ಲಿ ಯಾವುದೇ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತದೆ, ಕೆಲವು ನೂರು ರೂಪಾಯಿಯದ್ದು ಸಾಕು. ಇಂಜಿನ್ ಚಾಲೂ ಇರಲಿ, ಡಿಫಾಗರ್ ಆನ್ ಇರಲಿ. ಕೆಲವು ಕಾರುಗಳಲ್ಲಿ ಹತ್ತು ಹದಿನೈದು ನಿಮಿಷಕ್ಕೆ ಅದು ತಾನೇ ಆಫ್ ಆಗುತ್ತದೆ, ಅದನ್ನು ಗಮನಿಸಿ. ಮೀಟರನ್ನು ಡಿಸಿ 20 ವೋಲ್ಟಿಗೆ ಇಡಿ. ಕೆಂಪು ಕಡ್ಡಿಯ ಮೊನೆಗೆ ಅಡುಗೆಮನೆಯ ಫಾಯಿಲ್ ಸುತ್ತಿ, ಇಲ್ಲದಿದ್ದರೆ ಚೂಪು ಮೊನೆಯೇ ಇನ್ನೊಂದು ಗೆರೆ ಕೀಳುತ್ತದೆ. ಕಪ್ಪು ಕಡ್ಡಿಯನ್ನು ಅರ್ತಿಂಗ್ ಪಟ್ಟಿಗೆ ಮುಟ್ಟಿಸಿ.

ಈಗ ಗೆರೆಯ ನಟ್ಟನಡುವೆ ಕೆಂಪು ಕಡ್ಡಿ ಇಡಿ. 6-7 ವೋಲ್ಟ್ ಆಸುಪಾಸು ತೋರಿಸಿದರೆ ಗೆರೆ ಚೆನ್ನಾಗಿದೆ (ನಡುವೆ ಮೇಲಿಂದ ಕೆಳಕ್ಕೆ ಗೆರೆ ಇರುವ ಗ್ಲಾಸಿಗೆ ಈ ಮಾತು ಹೊಂದುವುದಿಲ್ಲ, ಅಲ್ಲಿ ತಣ್ಣಗಿನ ಅರ್ಧದಲ್ಲೇ ಕಡ್ಡಿ ಸರಿಸಿ ನೋಡಿ). 12ರಿಂದ 14 ತೋರಿಸಿದರೆ ಕಡಿದಿರುವುದು ನಡುವಿನಿಂದ ಅರ್ತಿಂಗ್ ಕಡೆಗೆ. ಸೊನ್ನೆ ತೋರಿಸಿದರೆ ಪ್ಲಸ್ ಕಡೆಗೆ. ಆ ಕಡೆ ಕಡ್ಡಿಯನ್ನು ನಿಧಾನವಾಗಿ ಸರಿಸುತ್ತಾ ಹೋಗಿ. ಅಂಕಿ ಎಲ್ಲಿ ಥಟ್ಟನೆ ಹಾರುತ್ತದೋ ಅದೇ ಜಾಗ. ಹೊರಗಿನಿಂದ ಗ್ಲಾಸಿನ ಮೇಲೆ ಸ್ಕೆಚ್ ಪೆನ್ನಿನ ಚುಕ್ಕೆ ಇಡಿ. ಒಂದೇ ಗೆರೆಯಲ್ಲಿ ಎರಡು ಕಡೆ ಕಡಿದಿದ್ದರೆ ನಡುವಿನ ತುಂಡು ಏನೇನೋ ತೋರಿಸಬಹುದು. ಒಂದನ್ನು ಸರಿಮಾಡಿ ಮತ್ತೆ ಅಳೆಯಿರಿ.

ಒಂದೂ ಗೆರೆ ಕೆಲಸ ಮಾಡದಿದ್ದರೆ ಕಪ್ಪು ಕಡ್ಡಿಯನ್ನು ಕಾರಿನ ಬಾಡಿಯ ಬರಿ ಲೋಹಕ್ಕೆ ಹಿಡಿದು ಎರಡೂ ಪಟ್ಟಿ ನೋಡಿ. ಎರಡರಲ್ಲೂ ಸೊನ್ನೆ ಇದ್ದರೆ ಕರೆಂಟೇ ಬರುತ್ತಿಲ್ಲ. ಎರಡರಲ್ಲೂ 12ರಿಂದ 14 ಇದ್ದರೆ ಅರ್ತಿಂಗ್ ಹೋಗಿದೆ. ಎರಡಕ್ಕೂ ಗ್ಲಾಸ್ ಬದಲಿಸುವ ಮಾತೇ ಇಲ್ಲ.

ಸುಮ್ನೆ ಬಿಟ್ಟರೆ?

ಇದನ್ನು ಯಾರೂ ಆಯ್ಕೆ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾನು ಹಿಡಿಯುತ್ತೇನೆ. ಮೇಲಿನ ಅಥವಾ ಕೆಳಗಿನ ತುದಿಯ ಒಂದೆರಡು ಗೆರೆ ಹೋಗಿದ್ದರೆ ಕನ್ನಡಿಯಲ್ಲಿ ಕಾಣುವ ಭಾಗಕ್ಕೆ ಏನೂ ಆಗುವುದಿಲ್ಲ. ನಡುವಿನ ಒಂದು ಗೆರೆ ಹೋಗಿದ್ದರೂ ಅಕ್ಕಪಕ್ಕದ ಬಿಸಿಯಿಂದ ಸ್ವಲ್ಪ ತಡವಾಗಿ ಅಲ್ಲಿಯೂ ಹಬೆ ಹೋಗುತ್ತದೆ. ಒತ್ತಾಗಿ ಎರಡು ಮೂರು ಹೋದಾಗ ತೊಂದರೆ. ಹಿಂದಿನ ಗಾಡಿಯ ಹೆಡ್‌ಲೈಟ್ ಇರುವ ಎತ್ತರದಲ್ಲೇ ಮಬ್ಬು ಪಟ್ಟಿ ಉಳಿಯುತ್ತದೆ.

ಬಯಲುಸೀಮೆಯಲ್ಲಿ ಗಾಡಿ ಓಡಿಸುವವರು, ಅಥವಾ ಇನ್ನೊಂದು ವರ್ಷದಲ್ಲಿ ಮಾರುವವರು ಇಷ್ಟಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಎಸಿ ಹಾಕಿ, ಗಾಳಿಯನ್ನು ಹೊರಗಿನಿಂದ ಬರುವ ಹಾಗೆ ಇಡಿ. ಮಳೆ ಬಂತೆಂದು ಕಿಟಕಿ ಮುಚ್ಚಿ, ಒಳಗಿನ ಗಾಳಿಯೇ ಸುತ್ತುವ ಹಾಗೆ ಬಟನ್ ಒತ್ತಿ, ಐದು ಜನ ಉಸಿರಾಡುತ್ತಾ ಕೂತರೆ ಹಬೆ ಬರದೆ ಇನ್ನೇನು? ಒದ್ದೆ ಕೊಡೆ, ಒದ್ದೆ ಮ್ಯಾಟ್ ಡಿಕ್ಕಿಯಲ್ಲಿ ಇಡಬೇಡಿ. ಗ್ಲಾಸಿನ ಒಳಮೈ ಜಿಡ್ಡಾಗಿದ್ದರೆ ಹಬೆ ಜಾಸ್ತಿ ಹಿಡಿಯುತ್ತದೆ, ಆಗಾಗ ಒರೆಸಿ. ಒರೆಸುವಾಗ ಕೈ ಗೆರೆಯ ಉದ್ದಕ್ಕೆ ಹೋಗಲಿ, ಮೇಲೆ ಕೆಳಗೆ ಬೇಡ. ಉಂಗುರ, ಬಳೆ, ವಾಚು ತಾಗಿಯೇ ಎಷ್ಟೋ ಗೆರೆ ಕಡಿಯುತ್ತವೆ.

ಮಡಿಕೇರಿ, ಸಕಲೇಶಪುರ, ಕೊಪ್ಪ, ಶೃಂಗೇರಿ ಕಡೆಯವರಿಗೆ ಈ ಸಲಹೆ ಸಾಲದು. ಚಾರ್ಮಾಡಿಯಲ್ಲೋ ಸಂಪಾಜೆಯಲ್ಲೋ ಜುಲೈ ತಿಂಗಳ ಸಂಜೆ ಹಿಂದೆ ಬಸ್ ಬರುತ್ತಿದೆಯೋ ಇಲ್ಲವೋ ಕಾಣದಿದ್ದರೆ ಅದು ಆಟ ಅಲ್ಲ. ಅಮೆರಿಕದ ಉತ್ತರ ಭಾಗದಲ್ಲೋ ಕೆನಡಾದಲ್ಲೋ ಇರುವ ನಮ್ಮವರಿಗಂತೂ ಬೇಡವೇ ಬೇಡ. ಅಲ್ಲಿ ಕರಗಬೇಕಾದದ್ದು ಹಬೆ ಅಲ್ಲ, ಗ್ಲಾಸಿಗೆ ಅಂಟಿದ ಹಿಮ.

ಬೆಳ್ಳಿ ಬಣ್ಣ

ಕೆಲವೇ ಗೆರೆ, ಸಣ್ಣ ಸಣ್ಣ ಕಡಿತ ಇದ್ದರೆ ನನ್ನ ಮೊದಲ ಆಯ್ಕೆ ಇದೇ. ಪರ್ಮಾಟೆಕ್ಸ್‌ನಂಥ ಕಂಪನಿಗಳು ಡಿಫಾಗರ್‌ಗೆಂದೇ ಕಿಟ್ ಮಾಡುತ್ತವೆ. ಸೀಸೆ ತೆರೆದಾಗ ಇಷ್ಟೇನಾ ಅನ್ನಿಸುತ್ತದೆ. ಪೆಟ್ಟಿಗೆ ದೊಡ್ಡದು, ಒಳಗೆ ಒಂದೆರಡು ಮಿಲಿಲೀಟರ್ ಬಣ್ಣ. ಬೆಳ್ಳಿ ಅಲ್ವಾ, ಬೆಲೆ ಅದಕ್ಕೆ. ಅಷ್ಟರಲ್ಲಿ ಹಲವು ಸಣ್ಣ ಕಡಿತ ಮುಚ್ಚಬಹುದು. ಅಮೆರಿಕದಲ್ಲಿ ಆಟೋ ಪಾರ್ಟ್ಸ್ ಅಂಗಡಿಗೆ ಹೋದರೆ ಕೈಗೆ ಸಿಗುತ್ತದೆ. ಇಲ್ಲಿ ಹೆಚ್ಚಾಗಿ ಆನ್‌ಲೈನ್‌ನಲ್ಲೇ ತರಿಸಬೇಕು, ಹೊರದೇಶದ ಮಾಲಾದರೆ ಬೆಲೆ ಏರುತ್ತದೆ. ಎಲೆಕ್ಟ್ರಾನಿಕ್ಸ್ ಕೆಲಸಕ್ಕೆ ಬಳಸುವ ಸಿಲ್ವರ್ ಪೇಂಟ್ ಕೂಡ ನಡೆಯುತ್ತದೆ.

ಮೋಸ ಹೋಗುವುದು ಇಲ್ಲೇ. "ಕಂಡಕ್ಟಿವ್ ಪೆನ್", "ಕಂಡಕ್ಟಿವ್ ಇಂಕ್" ಎಂದು ಅಗ್ಗಕ್ಕೆ ಸಿಗುವ ಎಷ್ಟೋ ಮಾಲು ಕಾರ್ಬನ್‌ನದ್ದು. ಮಕ್ಕಳ ಪ್ರಾಜೆಕ್ಟಿಗೆ ಅದು ಸಾಕು, ಎಲ್ಇಡಿ ಮಿನುಗುತ್ತದೆ. ಡಿಫಾಗರ್‌ಗೆ ಅದು ದಂಡ. ಪರೀಕ್ಷೆ ಸುಲಭ. ಹಳೆಯ ಗಾಜಿನ ತುಂಡಿನ ಮೇಲೆ ಎರಡು ಸೆಂಟಿಮೀಟರ್ ಗೆರೆ ಎಳೆದು, ಒಣಗಿಸಿ, ಮೀಟರಿನಲ್ಲಿ ಓಮ್ ಅಳೆಯಿರಿ. ಒಳ್ಳೆಯ ಬೆಳ್ಳಿ ಬಣ್ಣ ಮೀಟರಿನ ಎರಡು ಕಡ್ಡಿ ಒಂದಕ್ಕೊಂದು ತಾಗಿಸಿದಾಗ ಬರುವ ಅಂಕಿಯ ಹತ್ತಿರಕ್ಕೇ ಬರುತ್ತದೆ. ಹತ್ತಾರು, ನೂರಾರು ಓಮ್ ತೋರಿಸಿದರೆ ವಾಪಸ್ ಕಳಿಸಿ. ಮೇಲೆ ಹೇಳಿದ ಲೆಕ್ಕ ನೆನಪಿದೆಯಲ್ಲ, ಗೆರೆಯೇ ಇಡಿಯಾಗಿ ಹನ್ನೆರಡು ಓಮ್. ತೇಪೆಯೇ ನೂರು ಓಮ್ ಆದರೆ ಗೆರೆಯಲ್ಲಿ ಹರಿಯುವ ಕರೆಂಟ್ ಒಂಬತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಹಚ್ಚುವುದರಲ್ಲಿ ಅವಸರ ಬೇಡ. ಮೊಬೈಲ್ ರಿಪೇರಿಯವರು ಬಳಸುವ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ದ್ರಾವಣದಿಂದ ಜಿಡ್ಡು ತೆಗೆಯಿರಿ. ಗೆರೆಯ ಮೇಲೂ ಕೆಳಗೂ ಮಾಸ್ಕಿಂಗ್ ಟೇಪ್ ಅಂಟಿಸಿ, ನಡುವೆ ಗೆರೆಯಷ್ಟೇ ಅಗಲ ಬಿಡಿ. ಸೀಸೆಯನ್ನು ಚೆನ್ನಾಗಿ ಕುಲುಕಿ. ಬೆಳ್ಳಿ ತಳದಲ್ಲಿ ಕೂತಿರುತ್ತದೆ, ಕುಲುಕದೆ ಹಚ್ಚಿದರೆ ಬರೀ ಅಂಟು ಹಚ್ಚಿದ ಹಾಗೆ. ಕಡಿದ ಜಾಗದ ಎರಡೂ ಕಡೆ ಅರ್ಧ ಸೆಂಟಿಮೀಟರ್ ಹಳೆಯ ಗೆರೆಯ ಮೇಲೂ ಬರುವ ಹಾಗೆ ಹಚ್ಚಿ. ಒಂದು ಕೋಟ್ ಒಣಗಿದ ಮೇಲೆ ಇನ್ನೊಂದು, ಬೇಕಾದರೆ ಮೂರನೆಯದು. ಟೇಪನ್ನು ಬಣ್ಣ ಪೂರ್ತಿ ಗಟ್ಟಿಯಾಗುವ ಮುಂಚೆಯೇ ತೆಗೆಯಿರಿ, ಇಲ್ಲದಿದ್ದರೆ ಬಣ್ಣವೂ ಅದರ ಜೊತೆ ಎದ್ದು ಬರುತ್ತದೆ. ಒಂದು ದಿನ ಪೂರ್ತಿ ಸ್ವಿಚ್ ಮುಟ್ಟಬೇಡಿ.

ಮಲೆನಾಡಿನವರಿಗೆ ಒಂದು ಕಿವಿಮಾತು. ಈ ಕೆಲಸಕ್ಕೆ ಗ್ಲಾಸ್ ಒಣಗಿರಬೇಕು, ಸ್ವಲ್ಪ ಬೆಚ್ಚಗೂ ಇರಬೇಕು. ಆಷಾಢದ ಜಡಿಮಳೆಯಲ್ಲಿ ಶೆಡ್ಡಿನೊಳಗೆ ಹಚ್ಚಿದರೂ ತೇವಕ್ಕೆ ಬಣ್ಣ ಹಿಡಿಯುವುದಿಲ್ಲ. ಮೇ ತಿಂಗಳಲ್ಲೇ ಮುಗಿಸಿ, ಆಗದಿದ್ದರೆ ಬಿಸಿಲು ಬಿದ್ದ ದಿನ ನೋಡಿ. ಚಳಿ ದೇಶದಲ್ಲಿರುವವರು ಬಿಸಿ ಇರುವ ಗ್ಯಾರೇಜಿನೊಳಗೇ ಮಾಡಬೇಕು.

ಮಿತಿಯೂ ಇದೆ. ಕಡಿತ ಉದ್ದವಾದಷ್ಟೂ ಬಣ್ಣದ ರೆಸಿಸ್ಟೆನ್ಸ್ ಏರುತ್ತದೆ, ಬಾಳಿಕೆ ಇಳಿಯುತ್ತದೆ. ಒಂದು ಇಂಚಿನವರೆಗೆ ಧೈರ್ಯವಾಗಿ ಹಚ್ಚಬಹುದು. ಅದಕ್ಕಿಂತ ಉದ್ದ ಇದ್ದರೆ ನಡುವೆ ತೆಳು ತಾಮ್ರದ ಪಟ್ಟಿಯೋ ಎಳೆಯೋ ಇಟ್ಟು, ಅದರ ಎರಡು ತುದಿಯನ್ನು ಬೆಳ್ಳಿ ಬಣ್ಣದಿಂದ ಗೆರೆಗೆ ಕೂಡಿಸುವ ಉಪಾಯ ಉಂಟು. ತಾಮ್ರ ಇರುವಷ್ಟು ಜಾಗ ಬಿಸಿಯಾಗುವುದಿಲ್ಲ, ಉಳಿದ ಗೆರೆ ಆಗುತ್ತದೆ. ಬರೀ ತಾಮ್ರದ ಟೇಪ್ ಅಂಟಿಸಿದರೆ ಆಗದೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಟೇಪಿನ ಅಡಿಯ ಅಂಟು ಕರೆಂಟಿಗೆ ಅಡ್ಡ ನಿಲ್ಲುತ್ತದೆ. ಕರೆಂಟ್ ಹರಿಸುವ ಅಂಟು ಇದೆ ಎಂದು ಬರೆದಿರುವ ಟೇಪ್ ಕೂಡ ನಾಲ್ಕು ಸಲ ಬಿಸಿಯಾಗಿ ತಣ್ಣಗಾದರೆ ಸಡಿಲವಾಗುತ್ತದೆ.

ಅಂದದ ಬಗ್ಗೆ ಹೇಳುವುದಾದರೆ, ತೇಪೆ ಕಾಣುತ್ತದೆ. ಹಳೆಯ ಗೆರೆ ಕಂದು, ಹೊಸದು ಬೂದು ಅಥವಾ ತಾಮ್ರದ ಬಣ್ಣ. ಡ್ರೈವರ್ ಸೀಟಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ.

ಕ್ಲಿಪ್ ಕಳಚಿದ್ದರೆ: ಸೋಲ್ಡರ್ ಅಥವಾ ಬೆಳ್ಳಿ ಎಪಾಕ್ಸಿ

ಪಟ್ಟಿಗೆ ವೈರ್ ಸಿಕ್ಕಿಸುವ ಲೋಹದ ಕ್ಲಿಪ್ ಎದ್ದು ಬಂದಿದ್ದರೆ ಲೆಕ್ಕವೇ ಬೇರೆ. ಗೆರೆಯಲ್ಲಿ ಹರಿಯುವುದು 1 ಆಂಪಿಯರ್. ಕ್ಲಿಪ್ಪಿನಲ್ಲಿ ಹರಿಯುವುದು ಅಷ್ಟೂ ಗೆರೆಯ 12 ಆಂಪಿಯರ್. ಅಲ್ಲಿ 0.1 ಓಮ್ ಹೆಚ್ಚಾದರೂ ಸುಮಾರು 12 ವ್ಯಾಟ್ ಬಿಸಿ ಒಂದು ಕಡಲೆಕಾಳಿನಷ್ಟು ಜಾಗದಲ್ಲಿ ಹುಟ್ಟುತ್ತದೆ. ಅದಕ್ಕೇ ಗೆರೆಗೆ ಹಚ್ಚುವ ಬಣ್ಣದಿಂದ ಕ್ಲಿಪ್ ಅಂಟಿಸಿದರೆ ನಿಲ್ಲುವುದಿಲ್ಲ. ಫೆವಿಕ್ವಿಕ್, ಎಂ-ಸೀಲ್ ಗಟ್ಟಿಯಾಗಿ ಹಿಡಿಯುತ್ತವೆ, ಆದರೆ ಕರೆಂಟ್ ಬಿಡುವುದಿಲ್ಲ. ಅವನ್ನು ಒಮ್ಮೆ ಹಚ್ಚಿಬಿಟ್ಟರೆ ಆಮೇಲೆ ಕೆರೆದು ತೆಗೆಯುವಾಗ ಪಟ್ಟಿಯ ಬೆಳ್ಳಿಯೂ ಹೋಗುತ್ತದೆ.

ಮೊದಲು ಕ್ಲಿಪ್ ಎದ್ದ ಜಾಗ ನೋಡಿ. ಗ್ಲಾಸಿನ ಮೇಲೆ ಪಟ್ಟಿ ಹಾಗೇ ಇದ್ದರೆ ಸೋಲ್ಡರ್ ಸಾಧ್ಯ. ಪಟ್ಟಿಯ ತುಂಡೂ ಕ್ಲಿಪ್ಪಿನ ಜೊತೆ ಕಿತ್ತು ಬಂದು ಬರಿ ಗಾಜು ಕಾಣುತ್ತಿದ್ದರೆ ಸೋಲ್ಡರ್ ಹಿಡಿಯಲು ಏನೂ ಉಳಿದಿಲ್ಲ. ಆಗ ಬೆಳ್ಳಿ ಬೆರೆಸಿದ, ಕರೆಂಟ್ ಹರಿಸುವ ಎಪಾಕ್ಸಿ ಅಂಟು ಒಂದೇ ದಾರಿ. ಪಕ್ಕದಲ್ಲಿ ಉಳಿದಿರುವ ಪಟ್ಟಿಯ ಮೇಲೂ ಅದು ಅಗಲವಾಗಿ ಹರಡಬೇಕು.

ಚೆನ್ನಾಗಿ ಕೂತರೆ ಸೋಲ್ಡರ್‌ನಷ್ಟು ಗಟ್ಟಿ ಬೇರೊಂದಿಲ್ಲ. ಆದರೆ ಎರಡು ಅಪಾಯ ಇವೆ. ರೇಡಿಯೋ ರಿಪೇರಿಗೆ ಬಳಸುವ ಮಾಮೂಲಿ ತವರ-ಸೀಸದ ಸೋಲ್ಡರ್ ಕರಗಿದಾಗ ಪಟ್ಟಿಯ ಬೆಳ್ಳಿಯನ್ನೂ ತನ್ನೊಳಗೆ ಎಳೆದುಕೊಳ್ಳುತ್ತದೆ. ಹಾಗಾಗಿ ಶೇಕಡಾ 2ರಷ್ಟು ಬೆಳ್ಳಿ ಇರುವ 62-36-2 ಸೋಲ್ಡರ್ ಬೇಕು, ಎಸ್‌ಪಿ ರೋಡಿನಂಥ ಕಡೆ ಕೇಳಿ ನೋಡಿ. ಇನ್ನೊಂದು, ಹಿಂದಿನ ಗ್ಲಾಸ್ ಹೆಚ್ಚಿನ ಕಾರುಗಳಲ್ಲಿ ಟಫನ್ಡ್ ಗ್ಲಾಸ್. ಒಂದೇ ಜಾಗಕ್ಕೆ ಬಿಸಿ ಹೆಚ್ಚಾದರೆ ಬಿರುಕು ಬಿಡುವುದಿಲ್ಲ, ಇಡೀ ಗ್ಲಾಸ್ ಒಂದೇ ಸಲಕ್ಕೆ ಪುಡಿಪುಡಿಯಾಗುತ್ತದೆ. ಹೇರ್ ಡ್ರೈಯರಿನಿಂದ ಸುತ್ತ ಬೆಚ್ಚಗೆ ಮಾಡಿಕೊಂಡು, ಕ್ಲಿಪ್ಪಿಗೆ ಮೊದಲೇ ಸೋಲ್ಡರ್ ಬಳಿದುಕೊಂಡು, ಎರಡು ಮೂರು ಸೆಕೆಂಡಿನಲ್ಲಿ ಮುಗಿಸುವ ಕೈ ಬೇಕು. ಎಲೆಕ್ಟ್ರಿಷಿಯನ್ ಹತ್ತಿರ ಹೋದರೆ "ಗ್ಲಾಸಿಗೆ ಮುಂಚೆ ಮಾಡಿದ್ದೀರಾ? ಯಾವ ಸೋಲ್ಡರ್ ಹಾಕ್ತೀರಾ?" ಎಂದು ಕೇಳಿ. "ಎಲ್ಲಾ ಒಂದೇ ಸಾರ್" ಎಂಬ ಉತ್ತರ ಬಂದರೆ ನಮಸ್ಕಾರ ಹೇಳಿ ಬನ್ನಿ.

ಸ್ವಂತ ಮಾಡುವವರಿಗೆ, ಅದರಲ್ಲೂ ಸೋಲ್ಡರಿಂಗ್ ಅಭ್ಯಾಸ ಇಲ್ಲದವರಿಗೆ, ನಾನು ಎಪಾಕ್ಸಿಯನ್ನೇ ಹೇಳುವುದು. ಬೆಲೆ ಜಾಸ್ತಿ, ಗಟ್ಟಿಯಾಗಲು ಒಂದು ದಿನ ಕಾಯಬೇಕು, ಅಷ್ಟು ಹೊತ್ತು ಕ್ಲಿಪ್ಪನ್ನು ಟೇಪ್ ಹಾಕಿ ಅಲುಗದಂತೆ ಹಿಡಿಸಬೇಕು. ಆದರೆ ಗ್ಲಾಸ್ ಒಡೆಯುವ ಭಯ ಇಲ್ಲ. ಯಾವುದೇ ಮಾಡಿ, ಆಮೇಲೆ ವೈರ್ ಎಳೆದಾಡದ ಹಾಗೆ ಸ್ವಲ್ಪ ಸಡಿಲ ಬಿಟ್ಟು ಪಕ್ಕಕ್ಕೆ ಸಿಕ್ಕಿಸಿ. ಕ್ಲಿಪ್ ಮೊದಲು ಕಳಚಿದ್ದೇ ಆ ಎಳೆತಕ್ಕೆ ಇರಬಹುದು.

ಬಣ್ಣ ಹಚ್ಚುವ ಜಾಗಕ್ಕೆ ಸೋಲ್ಡರ್ ಹಾಕಬಹುದೇ? ತೆಳು ಗೆರೆಗೆ ಬೇಡ. ಅಷ್ಟು ತೆಳು ಬೆಳ್ಳಿ ಸೋಲ್ಡರ್ ಬಿಸಿಗೆ ನಿಲ್ಲುವುದಿಲ್ಲ.

ಮೇಲಿನಿಂದ ಅಂಟಿಸುವ ಗೆರೆಗಳು

ಹೊಸ ಗೆರೆಗಳ ಇಡೀ ಹಾಳೆಯನ್ನು ಅಂಟಿಸುವ ಕಿಟ್‌ಗಳೂ ಇವೆ. ಗ್ಲಾಸಿನ ಗೆರೆಗಳು ತುಂಬಾ ಹಾಳಾಗಿ, ಗ್ಲಾಸ್ ಸಿಗುವುದೇ ಕಷ್ಟ ಎನ್ನುವ ಹಳೆಯ ಗಾಡಿಗೆ ಇದು ಒಪ್ಪುತ್ತದೆ. ಡಿಫಾಗರ್ ಇಲ್ಲದ ಕೆಳಗಿನ ವೇರಿಯಂಟ್ ಕೊಂಡವರಿಗೂ ಆಗುತ್ತದೆ, ಆದರೆ ಅವರಿಗೆ ರಿಲೇ, ಫ್ಯೂಸ್, ಸ್ವಿಚ್, ವೈರಿಂಗ್ ಎಲ್ಲ ಹೊಸದಾಗಿ ಬೇಕು. ವಾರಂಟಿ ಇರುವ ಗಾಡಿಯ ವೈರ್ ಕತ್ತರಿಸಿದರೆ ಆಮೇಲೆ ಜಗಳ. ಬಾಗಿದ ಗ್ಲಾಸಿನ ಮೇಲೆ ಸುಕ್ಕಿಲ್ಲದೆ ಅಂಟಿಸುವುದೂ ಸುಲಭ ಅಲ್ಲ. ಬಹಳ ಜನಕ್ಕೆ ಇದು ಬೇಕಾಗುವುದಿಲ್ಲ.

ಸಿಗರೇಟ್ ಲೈಟರಿನ ಸಾಕೆಟ್ಟಿಗೆ ಸಿಕ್ಕಿಸಿ ಗಾಳಿ ಊದುವ ಪುಟ್ಟ ಹೀಟರ್‌ಗಳನ್ನು ಜಾಹೀರಾತಿನಲ್ಲಿ ನೋಡಿರುತ್ತೀರಿ. ಆ ಸಾಕೆಟ್ ಕೊಡುವುದೇ ನೂರಿಪ್ಪತ್ತು, ನೂರೈವತ್ತು ವ್ಯಾಟ್. ಅಷ್ಟು ಬಿಸಿ ಗಾಳಿ ಹಿಂದಿನ ಗ್ಲಾಸ್ ಮುಟ್ಟುವಷ್ಟರಲ್ಲಿ ಆರಿರುತ್ತದೆ. ಬಿಟ್ಟುಬಿಡಿ.

ಸನ್ ಫಿಲ್ಮ್ ಇದ್ದರೆ

2012ರಲ್ಲಿ ಸುಪ್ರೀಂ ಕೋರ್ಟ್ ಕಾರಿನ ಗ್ಲಾಸಿಗೆ ಫಿಲ್ಮ್ ಹಾಕುವುದರ ವಿರುದ್ಧ ಆದೇಶ ಕೊಟ್ಟಾಗ ಊರೂರಲ್ಲಿ ಫಿಲ್ಮ್ ಕಿತ್ತರು. ಬ್ಲೇಡ್ ಹಾಕಿ ಕೆರೆದ ಗ್ಲಾಸುಗಳಲ್ಲಿ ಫಿಲ್ಮ್ ಜೊತೆ ಗೆರೆಗಳೂ ಹೋದವು. ಈಗಲೂ ಸೆಕೆಂಡ್ ಹ್ಯಾಂಡ್ ಕಾರು ಕೊಂಡು ಹಳೆಯ ಫಿಲ್ಮ್ ತೆಗೆಸುವವರು ಇದೇ ತೊಂದರೆಗೆ ಬೀಳುತ್ತಾರೆ. ಫಿಲ್ಮ್ ಇರುವುದು ಗೆರೆಯ ಮೇಲೆ. ಹಾಗಾಗಿ ಫಿಲ್ಮ್ ತೆಗೆಯದೆ ಬಣ್ಣ ಹಚ್ಚಲು ಬರುವುದಿಲ್ಲ, ತೆಗೆದರೆ ಇನ್ನಷ್ಟು ಗೆರೆ ಹೋಗಬಹುದು. ಹಬೆಯಿಂದಲೋ ಬಿಸಿಗಾಳಿಯಿಂದಲೋ ಅಂಟು ಮೆತ್ತಗಾಗಿಸಿ, ಗೆರೆಯ ದಿಕ್ಕಿನಲ್ಲೇ ನಿಧಾನಕ್ಕೆ ಎಳೆಯಬೇಕು. ಲೋಹದ ಬ್ಲೇಡ್ ಹತ್ತಿರವೂ ತರಬೇಡಿ. ಒಂದೇ ಒಂದು ಗೆರೆ ಹೋಗಿದ್ದು ಮೇಲೆ ಫಿಲ್ಮ್ ಗಟ್ಟಿಯಾಗಿ ಕೂತಿದ್ದರೆ, ಡಿಫಾಗರ್ ದೃಷ್ಟಿಯಿಂದ ನೋಡಿದರೆ ಕೈ ಹಾಕದಿರುವುದೇ ಲಾಭ.

ಗ್ಲಾಸ್ ಬದಲಿಸುವುದು

ಅರ್ಧಕ್ಕಿಂತ ಹೆಚ್ಚು ಗೆರೆ ಹೋಗಿದ್ದರೆ, ಒಂದೊಂದರಲ್ಲೂ ಹಲವು ಕಡೆ ಕಡಿದಿದ್ದರೆ, ಪಟ್ಟಿಯೇ ಉದ್ದಕ್ಕೂ ಎದ್ದಿದ್ದರೆ ತೇಪೆ ಹಾಕುತ್ತಾ ಕೂರುವುದರಲ್ಲಿ ಅರ್ಥ ಇಲ್ಲ. ಗ್ಯಾರೇಜಿನವರ ಮಾತು ಸರಿಯಾಗುವುದು ಇಲ್ಲಿ. ಘಟ್ಟದಲ್ಲಿ ದಿನಾ ಓಡಾಡುವವರು, ಗಾಡಿಯನ್ನು ಇನ್ನೂ ಹಲವು ವರ್ಷ ಇಟ್ಟುಕೊಳ್ಳುವವರು ಈ ಖರ್ಚು ಮಾಡಬಹುದು. ಸಣ್ಣ ಕಾರಿನ ಗ್ಲಾಸ್ ಕೆಲವು ಸಾವಿರದಲ್ಲಿ ಆಗುತ್ತದೆ. ದೊಡ್ಡ, ದುಬಾರಿ ಗಾಡಿಗಳದ್ದು ಹತ್ತಾರು ಸಾವಿರ.

ಇನ್ಶೂರೆನ್ಸ್ ಇದೆಯಲ್ಲ ಎನ್ನುವವರಿಗೆ: ಬರೀ ಗೆರೆ ಕಡಿದದ್ದಕ್ಕೆ ಕ್ಲೇಮ್ ಸಿಗುವುದು ಅನುಮಾನ. ಸವೆತಕ್ಕೆ, ಎಲೆಕ್ಟ್ರಿಕಲ್ ದೋಷಕ್ಕೆ ಮಾಮೂಲಿ ಪಾಲಿಸಿಯಲ್ಲಿ ಜಾಗ ಇಲ್ಲ. ಅಪಘಾತದಲ್ಲಿ ಗ್ಲಾಸ್ ಒಡೆದಿದ್ದರೆ ಮಾತು ಬೇರೆ. ಕಾಂಪ್ರಹೆನ್ಸಿವ್ ಪಾಲಿಸಿಯಲ್ಲಿ ಗಾಜಿನ ಭಾಗಕ್ಕೆ ಸವಕಳಿ ಕಳೆಯುವುದಿಲ್ಲ. ಆದರೂ ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಹೋಗಬಹುದು. ಆ ಬೋನಸ್ 20ರಿಂದ ಶುರುವಾಗಿ ಶೇಕಡಾ 50ರವರೆಗೆ ಏರುತ್ತದೆ. 50ರಲ್ಲಿ ಇರುವವರು ಕೆಲವು ಸಾವಿರದ ಗ್ಲಾಸಿಗಾಗಿ ಅದನ್ನು ಕಳೆದುಕೊಳ್ಳುವ ಮುಂಚೆ ಪ್ರೀಮಿಯಂ ಲೆಕ್ಕ ಹಾಕಿ ನೋಡಿ.

ಕೊಳ್ಳುವಾಗ ಒಂದು ವಿಷಯ ಬಾಯಿ ಬಿಟ್ಟು ಹೇಳಲೇಬೇಕು. ಒಂದೇ ಮಾಡೆಲ್ಲಿನ ಕೆಳಗಿನ ವೇರಿಯಂಟಿಗೆ ಗೆರೆ ಇಲ್ಲದ ಗ್ಲಾಸ್ ಬರುತ್ತದೆ. ಅಳತೆ ಒಂದೇ, ಬೆಲೆ ಕಡಿಮೆ. "ಡಿಫಾಗರ್ ಇರೋದೇ ಬೇಕು" ಎಂದು ಹೇಳದಿದ್ದರೆ ಸಾದಾ ಗ್ಲಾಸ್ ಕೂರಿಸಿ ಕಳಿಸಿಬಿಡುವ ಸಾಧ್ಯತೆ ಇದೆ. ಹಳೆಯ ಗ್ಲಾಸಿನಲ್ಲಿ ರೇಡಿಯೋ ಆಂಟೆನಾ ಗೆರೆ ಇದ್ದರೆ ಅದನ್ನೂ ಹೇಳಿ. ಮೇಲ್ಭಾಗದಲ್ಲಿ ಡಿಫಾಗರ್‌ಗೆ ಸೇರದ ಒಂದೆರಡು ಗೆರೆ ಇರುತ್ತವಲ್ಲ, ಅವು ಹೆಚ್ಚಾಗಿ ಆಂಟೆನಾ.

ಸೆಕೆಂಡ್ ಹ್ಯಾಂಡ್ ಗ್ಲಾಸ್ ಬೇಕೆಂದರೆ ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳಿವೆ. ದುಡ್ಡು ಉಳಿಯುತ್ತದೆ, ಆದರೆ ಅಂಟು ಹಾಕಿ ಕೂರಿಸಿದ ಗ್ಲಾಸನ್ನು ಹಳೆಯ ಗಾಡಿಯಿಂದ ಬಿಡಿಸುವಾಗಲೇ ಅಂಚು ಚೂರಾಗಿರಬಹುದು. ಅಂಚಿನಲ್ಲಿ ಚಿಕ್ಕ ಚಕ್ಕೆ ಹಾರಿದ್ದರೂ ಬೇಡ. ಮಾರುತಿ 800ರಂಥ ಹಳೆಯ, ರಬ್ಬರ್ ಬೀಡಿಂಗ್ ಇರುವ ಕಾರುಗಳದ್ದಾದರೆ ಆ ಚಿಂತೆ ಕಡಿಮೆ. ಮೀಟರ್ ಜೇಬಿನಲ್ಲಿಟ್ಟುಕೊಂಡು ಹೋಗಿ. ಎರಡು ಪಟ್ಟಿಯ ನಡುವೆ ಓಮ್ ಅಳೆದರೆ ಒಂದರ ಆಸುಪಾಸು ಬರಬೇಕು. ಆದರೆ ಅದೊಂದನ್ನೇ ನಂಬಬೇಡಿ, ಹನ್ನೆರಡರಲ್ಲಿ ಎರಡು ಗೆರೆ ಕಡಿದಿದ್ದರೂ ಅಂಕಿ ಸ್ವಲ್ಪವೇ ಬದಲಾಗುತ್ತದೆ, ಅಗ್ಗದ ಮೀಟರಿಗೆ ಗೊತ್ತೇ ಆಗುವುದಿಲ್ಲ. ಅಂಗಡಿಯವರ ಹತ್ತಿರ 12 ವೋಲ್ಟಿನ ಬ್ಯಾಟರಿ ಇದ್ದರೆ ಕೊಟ್ಟು ನೋಡಲು ಹೇಳಿ. ಒಂದೆರಡು ನಿಮಿಷ ಬಿಟ್ಟು ಗೆರೆಗೊಂದರಂತೆ ಬೆರಳು ಮುಟ್ಟಿಸಿ, ತಣ್ಣಗಿರುವುದು ತಾನೇ ಗೊತ್ತಾಗುತ್ತದೆ.

ಹೊಸದೋ ಹಳೆಯದೋ, ಗ್ಲಾಸ್ ಕೂರಿಸಿದ ಮೇಲೆ ಅಂಟು ಹಿಡಿಯುವವರೆಗೆ ಗಾಡಿ ಓಡಿಸಬೇಡಿ. ಎಷ್ಟು ಹೊತ್ತು ಎಂದು ಅಂಗಡಿಯವರನ್ನೇ ಕೇಳಿ. ಕಾಯುವ ಆ ಹೊತ್ತಿನಲ್ಲಿ ಎರಡೂ ಕ್ಲಿಪ್ಪಿಗೆ ವೈರ್ ಸಿಕ್ಕಿಸಿದ್ದಾರೆಯೇ ನೋಡಿ, ಇಂಜಿನ್ ಹಾಕಿಸಿ, ಡಿಫಾಗರ್ ಆನ್ ಮಾಡಿಸಿ, ಗೆರೆಗಳನ್ನು ಮುಟ್ಟಿ ನೋಡಿ. ದುಡ್ಡು ಕೊಡುವುದು ಆಮೇಲೆ.